ಹದಿನೈದನೆಯ ಕಾಳು

"ಫುಸಾಕ್ಕ, ಅಗಲವಾದ ಪಾತ್ರೆ ಇದ್ರೆ ತನ್ನಿ! ಇಪ್ಪತ್ತು ತುಂಡು ತೋಫು ತಂದಿದ್ದೀನಿ. ಸೋಮವಾರ ನನ್ನ ಹೊಟ್ಟೆ ಕೊಯ್ತಾರಂತೆ. ಆಮೇಲೆ ಅಂಗಡಿ ಎಷ್ಟು ದಿನ ಮುಚ್ಚಿರುತ್ತೋ ಏನೋ."

ಕಮಾತಾ ಯೊಹೇ ನಮ್ಮ ಆಸ್ಪತ್ರೆಯ ಬಾಗಿಲಲ್ಲೇ ನಿಂತು ಕೂಗಿದ. ಇಸೊಹಾಮಾ ಬಂದರಿನ ಮೀನುಪೇಟೆಯ ಹಿಂದೆ ಮೂವತ್ತು ವರ್ಷದಿಂದ ತೋಫು ಮಾಡುವವನು. ಅವನು ಬಾಯಿಬಿಟ್ಟರೆ ಹಲಗೆಯ ಮೇಲೆ ಕೂತ ಕಡಲಹಕ್ಕಿಗಳು ಎದ್ದು ಹಾರುತ್ತವೆ.

ಅವನ ಹಿಂದೆ ಹೆಂಡತಿ ಸುಮಿ ನಿಂತಿದ್ದಳು. ಕೈಯಲ್ಲಿ ದೊಡ್ಡಾಸ್ಪತ್ರೆಯ ಕಂದು ಲಕೋಟೆ. ಅವಳೂ ನಗುತ್ತಿದ್ದಳು. ಆ ನಗು ತುಟಿಗೆ ಹೊಲಿದ ಹಾಗಿತ್ತು.

"ಬೆಳಗ್ಗೆಯಿಂದ ಹನಿ ನೀರೂ ಕುಡಿಸದೆ ರಕ್ತ ಹಿಂಡಿಕೊಂಡ್ರು ಅಲ್ಲಿ," ಅಂದ ಯೊಹೇ. "ಒಂದು ಹುಣ್ಣಿಗೆ ಇಷ್ಟೊಂದು ಗಲಾಟೆ! ನಮ್ಮಪ್ಪ ಹುಣ್ಣು ಇಟ್ಕೊಂಡೇ ಎಂಬತ್ತು ವರ್ಷ ಬದುಕಿದ."

ಹುಣ್ಣು. ಅವನಿಗೆ ಹಾಗೆಂದೇ ಹೇಳಿದ್ದರು. ಆ ಕಾಲದಲ್ಲಿ ನಮ್ಮಲ್ಲಿ ಕ್ಯಾನ್ಸರ್ ಎಂಬ ಮಾತನ್ನು ರೋಗಿಯ ಕಿವಿಗೆ ಬೀಳಿಸುತ್ತಿರಲಿಲ್ಲ. ಮನೆಯವರನ್ನು ಒಳಗೆ ಕರೆದು ಹೇಳುವುದು, ಅವರು ಕಣ್ಣೊರೆಸಿಕೊಂಡು ಹೊರಗೆ ಬಂದು ನಗುವುದು. ಸುಮಿ ನಾಲ್ಕು ದಿನದಿಂದ ನಗುತ್ತಿದ್ದಳು.

ಸೋಮವಾರ ಬೆಳಗ್ಗೆ ಒಂಬತ್ತಕ್ಕೆ ಅವನ ಹೊಟ್ಟೆಯ ಚೀಲವನ್ನೇ ಪೂರ್ತಿ ತೆಗೆಯುತ್ತಾರೆ. ಇವತ್ತು ಶನಿವಾರ, ಮಧ್ಯಾಹ್ನ.

ನಾನು ಪಾತ್ರೆ ತರಲು ಒಳಗೆ ಹೋದೆ.

ಒಬಾತಾ ಹೊಟ್ಟೆ ಆಸ್ಪತ್ರೆಯಲ್ಲಿ ನಾನು ಕೊಳವೆ ತೊಳೆಯುವವಳು. ಯುದ್ಧದ ಕಾಲದಲ್ಲಿ ಶಾಲೆ ಬಿಟ್ಟವಳು, ಓದು ಬರಹ ಅಷ್ಟಕ್ಕಷ್ಟೆ. ಆದರೆ ರೋಗಿಯ ಬಾಯಿಂದ ಹೊಟ್ಟೆಗೆ ಇಳಿಸುವ ಆ ಕರಿಯ ಕೊಳವೆಯನ್ನು ನನ್ನಷ್ಟು ಬಲ್ಲವರು ಈ ಊರಿನಲ್ಲಿಲ್ಲ. ಬೆರಳಿನಷ್ಟು ದಪ್ಪ. ಒಂದು ತುದಿಯಲ್ಲಿ ಬೆಳಕು, ಇನ್ನೊಂದು ತುದಿಯಲ್ಲಿ ಡಾಕ್ಟರ ಕಣ್ಣು, ಅಲ್ಲೇ ಒಂದು ಪುಟ್ಟ ಕ್ಯಾಮೆರಾ.

ಮೊದಲ ಕೊಳವೆ ಷೋವಾ ನಲವತ್ತನೆಯ ವರ್ಷ, ಅಂದರೆ ಸಾವಿರದ ಒಂಬೈನೂರ ಅರವತ್ತೈದರಲ್ಲಿ, ಮರದ ಪೆಟ್ಟಿಗೆಯಲ್ಲಿ ಬಂತು. ನಮ್ಮ ದೊಡ್ಡ ಡಾಕ್ಟರು ಒಬಾತಾ ಅದನ್ನು ಊರಿನ ಯಾರ ಬಾಯಿಗೂ ಇಡುವ ಮೊದಲು ತಾವೇ ನುಂಗಿದರು. "ನಾನು ನುಂಗದ್ದನ್ನ ಇನ್ನೊಬ್ಬರಿಗೆ ನುಂಗಿಸೋದಿಲ್ಲ," ಅಂದಿದ್ದರು. ಅಂದಿನಿಂದ ಇಪ್ಪತ್ತೆರಡು ವರ್ಷ ಅವರ ಪಕ್ಕದಲ್ಲಿ ನಿಂತಿದ್ದೇನೆ.

ಅಡುಗೆಮನೆಯಿಂದ ಪಾತ್ರೆ ಹಿಡಿದು ಬರುವಾಗ ಕಚೇರಿಯ ತೊಗಾಶಿ ಕಿಟಕಿಗೆ ಒಂದು ಫಿಲ್ಮ್ ಹಿಡಿದು ನೋಡುತ್ತಿದ್ದ. ಕತ್ತಲೆಕೋಣೆಯಲ್ಲಿ ಫಿಲ್ಮ್ ತೊಳೆಯುವವನು, ದಫ್ತರು ಬರೆಯುವವನು ಎಲ್ಲ ಅವನೇ.

"ಯಾರದ್ದಪ್ಪಾ?"

"ನಿಮ್ಮ ತೋಫು ಯೊಹೇದು. ಕೊಯ್ಯೋ ಡಾಕ್ಟರಿಗೆ ಪೂರ್ತಿ ರೀಲು ಬೇಕಂತೆ, ಲಕೋಟೆಯಲ್ಲಿ ಬರೆದು ಕಳಿಸಿದ್ದಾರೆ. ಹೋದ ವಾರ ಗುರುವಾರದ ಡಾಕ್ಟರುಗಳ ಸಭೆಗೆ ನಾನು ಇದರಿಂದ ಒಳ್ಳೇ ನಾಲ್ಕು ಚಿತ್ರ ಮಾತ್ರ ಪರದೆಗೆ ಹಾಕಿದ್ದೆ. ಉಳಿದದ್ದು ಡ್ರಾಯರಲ್ಲೇ ಇತ್ತು."

ಕಿಟಕಿಯ ಬೆಳಕು ಫಿಲ್ಮಿನೊಳಗಿಂದ ಬರುತ್ತಿತ್ತು. ನನಗೆ ಅಕ್ಷರ ಕಡಿಮೆ, ಅಂಕಿ ಬರುತ್ತದೆ. ಅಂಚಿನಲ್ಲಿ ಒಂದು ಎಂದು ಬರೆದಿದ್ದ ಚಿತ್ರ ನೋಡಿದೆ. ಬಿಳಿಗುಲಾಬಿ ಬಣ್ಣದ, ನುಣುಪಾದ ಸುರಂಗ.

ಪಾತ್ರೆ ನನ್ನ ಕೈಯಲ್ಲೇ ಉಳಿಯಿತು.

"ತೊಗಾಶಿ, ಅದನ್ನ ಲಕೋಟೆಗೆ ಹಾಕ್ಬೇಡ."

"ಯಾಕೆ?"

"ಹಾಕ್ಬೇಡ ಅಂದೆ."

ನಗುಮೊ ಡಾಕ್ಟರಮ್ಮ ತಮ್ಮ ಮೇಜಿನಲ್ಲಿ ಒಬ್ಬರೇ ಕೂತಿದ್ದರು. ಮೂವತ್ತನಾಲ್ಕು ವರ್ಷ. ಬಿಳಿಯ ಕೋಟಿನ ಜೇಬಿನಲ್ಲಿ ರಾಜೀನಾಮೆಯ ಪತ್ರದ ತುದಿ ಕಾಣುತ್ತಿತ್ತು. ಹನ್ನೊಂದು ದಿನದ ಹಿಂದೆ, ಒಂದು ಮಂಗಳವಾರ, ಯೊಹೇಯ ಹೊಟ್ಟೆ ನೋಡಿದವರು ಅವರೇ. "ಸ್ವಲ್ಪ ಕೆಂಪಗಿದೆ, ಅಷ್ಟೆ" ಎಂದು ಬರೆದಿದ್ದರು. ಅದೇ ವಾರ ಗುರುವಾರದ ಸಭೆಯಲ್ಲಿ ಪರದೆಯ ಮೇಲೆ ಬಂದದ್ದು ಕೆಟ್ಟ ಕುಳಿ. ಹೊಟ್ಟೆಯಿಂದ ಚಿವುಟಿ ಪರೀಕ್ಷೆಗೆ ಕಳಿಸಿದ ಚೂರಿನ ವರದಿಯೂ ಈ ಬುಧವಾರ ಬಂತು. ಅದೂ ಕ್ಯಾನ್ಸರ್ ಎಂದೇ ಹೇಳಿತು.

"ಡಾಕ್ಟ್ರಮ್ಮ, ಒಂದು ಕೇಳ್ತೀನಿ. ನೀವು ಫೋಟೊ ತೆಗೆಯೋದು ಒಳಗೆ ಹೋಗ್ತಾನೋ, ಹೊರಗೆ ಬರ್ತಾನೋ?"

ಅವರು ತಲೆಯೆತ್ತಲಿಲ್ಲ. "ಹೊರಗೆ ಬರ್ತಾ. ಸಣ್ಣಕರುಳಿನ ತನಕ ಸುಮ್ನೆ ಇಳಿದು, ಅಲ್ಲಿಂದ ತೆಗೀತಾ ಬರ್ತೀನಿ. ದಿನಾ ನೋಡ್ತೀರಲ್ಲ ಫುಸಾಕ್ಕ."

"ಹಾಗಾದ್ರೆ ನಿಮ್ಮ ಮೊದಲ ಫೋಟೊ ಏನಿರುತ್ತೆ?"

"ಸಣ್ಣಕರುಳು. ಮಖಮಲ್ಲಿನ ಹಾಗೆ ಇರುತ್ತಲ್ಲ, ಅದು."

"ಕೊನೇದು?"

"ಅನ್ನನಾಳ. ಬಿಳಿ..." ಅಷ್ಟಕ್ಕೇ ನಿಂತರು. "ಯಾಕೆ?"

"ಯೊಹೇ ರೀಲಲ್ಲಿ ಅನ್ನನಾಳವೇ ಒಂದನೇ ನಂಬರು."

ಡಾಕ್ಟರಮ್ಮ ಎದ್ದ ರಭಸಕ್ಕೆ ಕುರ್ಚಿ ಹಿಂದಕ್ಕೆ ಬಿತ್ತು.

*

ಚಿತ್ರ ನೋಡುವ ಕೋಣೆಯಲ್ಲಿ ಮಕಾಬೆ ಡಾಕ್ಟರು ಚಹಾ ಕುಡಿಯುತ್ತಿದ್ದರು. ದೊಡ್ಡ ಡಾಕ್ಟರು ಬೆನ್ನುನೋವೆಂದು ಬಿಸಿನೀರ ಬುಗ್ಗೆಯ ಊರಿಗೆ ಹೋದಾಗಿನಿಂದ ದೊಡ್ಡ ಕುರ್ಚಿ ಇವರದೇ. ಕೈ ಒಳ್ಳೆಯದು, ನಾಲಿಗೆ ಮಾತ್ರ ಹುಳಿ ಉಪ್ಪಿನಕಾಯಿ.

"ಪತ್ರ ಕೊಡೋಕೆ ಬಂದ್ರಾ ನಗುಮೊ ಅವರೇ? ಮೇಜಿನ ಮೇಲಿಡಿ."

"ಕಮಾತಾ ಅವರ ಆಪರೇಷನ್ ನಿಲ್ಲಿಸ್ಬೇಕು ಡಾಕ್ಟ್ರೇ. ಆ ರೀಲು ಅವರದ್ದಲ್ಲ."

ಮಕಾಬೆ ಲೋಟ ಕೆಳಗಿಟ್ಟರು. "ಆ ದಿನ ಬೆಳಗ್ಗೆ ನೀವು ಹದಿನಾಲ್ಕು ಹೊಟ್ಟೆ ನೋಡಿದ್ದೀರಿ. ಹದಿನಾಲ್ಕರಲ್ಲಿ ಒಂದು ತಪ್ಪುತ್ತೆ. ನಾನೂ ತಪ್ಪಿದ್ದೀನಿ. ತಪ್ಪಿದ್ರೆ ತಲೆ ಬಗ್ಗಿಸ್ಬೇಕು, ಬೇರೆ ಹೊಟ್ಟೆ ಹುಡುಕೋದಲ್ಲ."

"ನಾನೂ ಹಾಗೇ ಅಂದ್ಕೊಂಡು ಒಂಬತ್ತು ದಿನ ನಿದ್ದೆ ಮಾಡ್ಲಿಲ್ಲ. ಫುಸಾಕ್ಕ ಹೇಳೋ ತನಕ."

"ಯಾರು? ಫುಸಾಕ್ಕನಾ?" ಮಕಾಬೆ ನನ್ನ ಕಡೆ ತಿರುಗಿದರು. "ಏನಮ್ಮಾ, ತೊಳೆಯೋರು ತೊಳೀಬೇಕು, ನೋಡೋರು ನೋಡ್ಬೇಕು. ಹೊಟ್ಟೆ ಓದೋದು ಕಲಿಯೋಕೆ ನನಗೆ ಹದಿನೆಂಟು ವರ್ಷ ಹಿಡೀತು."

"ನನಗೆ ಓದಕ್ಕೆ ಬರಲ್ಲ ಡಾಕ್ಟ್ರೇ. ಕೇಳಿಸ್ಕೊಂಡಿದ್ದೀನಿ ಅಷ್ಟೆ."

"ಏನನ್ನ?"

"ಕ್ಲಿಕ್ ಅನ್ನೋದನ್ನ. ನೀವು, ನಗುಮೊ ಅಮ್ಮ ಇಬ್ಬರೂ ಒಂದೇ ಕಾಲೇಜು. ಕೊಳವೆ ಇಳಿಸುವಾಗ ಸದ್ದೇ ಇರಲ್ಲ, ಎಳೆಯುವಾಗ ಕ್ಲಿಕ್ ಕ್ಲಿಕ್. ಇಳಿಸುವಾಗ್ಲೇ ಕ್ಲಿಕ್ ಅನ್ನಿಸೋರು ಈ ಮನೇಲಿ ಒಬ್ಬರೇ."

ಆ ಒಬ್ಬರು ಯಾರೆಂದು ಮಕಾಬೆಯವರಿಗೂ ಗೊತ್ತು. ಹಳೆಯ ಕೊಳವೆಗಳ ದೀಪ ನಂಬುವ ಹಾಗಿರಲಿಲ್ಲ. ಹೊಟ್ಟೆಯ ನಟ್ಟನಡುವೆ ಫಕ್ಕನೆ ಆರಿಹೋಗುತ್ತಿತ್ತು. ಬರುವಾಗ ತೆಗೆಯೋಣವೆಂದು ಬಿಟ್ಟರೆ ಬರಿಗೈಯಲ್ಲಿ ಬರಬೇಕು. ಹೊಸ ಕೊಳವೆ ಬಂದು ದೀಪ ಗಟ್ಟಿಯಾದ ಮೇಲೂ ದೊಡ್ಡ ಡಾಕ್ಟರ ಹೆಬ್ಬೆರಳು ಆ ಭಯವನ್ನು ಮರೆತಿರಲಿಲ್ಲ.

"ಒಂದು ದಿನ ಇವರೂ ಹೋಗ್ತಾ ತೆಗೆದಿರಬಹುದು," ಅಂದರು ಮಕಾಬೆ. ದನಿ ಸ್ವಲ್ಪ ಇಳಿದಿತ್ತು. "ಆಯಾಸ, ಮರೆವು... ಆಗುತ್ತೆ."

"ತೊಗಾಶಿ," ಅಂದರು ನಗುಮೊ, "ಆ ಮಂಗಳವಾರದ ಎಲ್ಲಾ ರೀಲು ತಗೊಂಡು ಬನ್ನಿ."

ತೊಗಾಶಿ ತಂದ. ಬೆಳಕಿನ ಪೆಟ್ಟಿಗೆಯ ಸ್ವಿಚ್ ಒತ್ತಿ, ಹದಿನಾಲ್ಕು ಫಿಲ್ಮನ್ನೂ ಒಂದರ ಕೆಳಗೊಂದು ಹಾಸಿದ. ಹೆಣೆದ ಚಾಪೆಯ ಹಾಗೆ ಕಂಡಿತು.

ಒಂದನೇ ನಂಬರಿನ ಚಿತ್ರ ಎಲ್ಲದರಲ್ಲೂ ಎಡಗಡೆ. ನಗುಮೊ ಬೆರಳಿಟ್ಟುಕೊಂಡು ಇಳಿಯುತ್ತ ಬಂದರು. ಮಖಮಲ್ಲು. ಮಖಮಲ್ಲು. ಮಖಮಲ್ಲು. ಏಳು ಸಾಲು ಹಾಗೇ.

ಎಂಟನೆಯದರಲ್ಲಿ ಬಿಳಿಯ ಸುರಂಗ.

ಒಂಬತ್ತರಿಂದ ಮತ್ತೆ ಮಖಮಲ್ಲು, ಹದಿನಾಲ್ಕರ ತನಕ.

ತೊಗಾಶಿ ಅದರ ಮೇಲೆ ಬಗ್ಗಿದ. "ಎಂಟು ಯೊಹೇ ಬಿಲ್ಲೆ."

ಊರಿನ ಸಾರ್ವಜನಿಕ ಸ್ನಾನದ ಮನೆಗಳಲ್ಲಿ ಚಪ್ಪಲಿ ಪೆಟ್ಟಿಗೆಗೆ ನಂಬರು ಬರೆದು ಕೊಡುತ್ತಾರಲ್ಲ, ಅಂಥ ಮರದ ಬಿಲ್ಲೆ ನಮ್ಮಲ್ಲಿ ರೋಗಿಗೂ ಕೊಡುತ್ತೇವೆ. ಅದೇ ನಂಬರಿನ ತಟ್ಟೆಯಲ್ಲಿ ಅವರ ಫಿಲ್ಮಿನ ಡಬ್ಬಿ, ಚಿವುಟಿದ ಚೂರಿನ ಸೀಸೆ. ಸಂಜೆ ತಟ್ಟೆಗಳು ಕಪಾಟಿಗೆ ಹೋಗುತ್ತವೆ. ಬೆಳಗ್ಗೆ ತೊಗಾಶಿ ತೆಗೆಯುತ್ತಾನೆ. ಇಪ್ಪತ್ತೆರಡು ವರ್ಷದಲ್ಲಿ ಆ ಕಪಾಟಿಗೆ ಯಾರೂ ಬೀಗ ಹಾಕಿಲ್ಲ. ಇನ್ನೊಬ್ಬರ ಹೊಟ್ಟೆಯ ಚಿತ್ರ ಯಾರಿಗೆ ಬೇಕು?

"ತಟ್ಟೆಯಲ್ಲಿದ್ದ ಎರಡನ್ನೂ ಬದಲಾಯಿಸಿದ್ದಾರೆ," ಅಂದರು ನಗುಮೊ. "ಫಿಲ್ಮನ್ನೂ, ಸೀಸೆಯನ್ನೂ. ಅದಕ್ಕೇ ಎರಡೂ ಒಂದೇ ಮಾತು ಹೇಳ್ತಿವೆ."

"ತಾಳಿ, ತಾಳಿ." ಮಕಾಬೆ ಕೈ ಎತ್ತಿದರು. "ಇದು ದೊಡ್ಡ ಡಾಕ್ಟರ ಕೈ ಅಂತೀರಿ. ಅವರು ಆ ಮಂಗಳವಾರ ಕೊಳವೆ ಮುಟ್ಟೇ ಇಲ್ಲ. ತೊಗಾಶಿ, ದಫ್ತರಲ್ಲಿ ಏನಿದೆ?"

"ಹದಿನಾಲ್ಕೇ ಡಾಕ್ಟ್ರೇ. ಎಲ್ಲಾ ನಗುಮೊ ಅಮ್ಮನವರದ್ದೇ."

"ನೋಡಿದ್ರಾ?"

ನಾನು ಕೈಚೀಲದಿಂದ ಒಂದು ಕಾಗದದ ಪೊಟ್ಟಣ ತೆಗೆದು ಬೆಳಕಿನ ಪೆಟ್ಟಿಗೆಯ ಮೇಲೆ ಬಿಚ್ಚಿದೆ. ಕೆಂಪು ಅಜುಕಿ ಕಾಳು ಉರುಳಿದವು.

"ಇದೇನಮ್ಮಾ, ಹಬ್ಬದ ಅಡುಗೆನಾ?"

"ನನ್ನ ದಫ್ತರು."

ಬರೆಯಲು ಬಾರದವಳು ಇನ್ನೇನು ಮಾಡಲಿ? ಒಂದು ಕೊಳವೆ ತೊಳೆದರೆ ಕೈ ಒರೆಸಿಕೊಂಡು ಡಬ್ಬಿಗೆ ಒಂದು ಕಾಳು ಹಾಕುತ್ತೇನೆ. ದಿನಕ್ಕೊಂದು ಪೊಟ್ಟಣ. ತಿಂಗಳ ಕೊನೆಗೆ ಎಲ್ಲ ಸೇರಿಸಿ ಬೇಯಿಸಿ, ಬೆಲ್ಲ ಹಾಕಿ ಸಿಹಿ ಮಾಡಿ ಎಲ್ಲರಿಗೂ ಕೊಡುತ್ತೇನೆ. ಎಷ್ಟು ಹೊಟ್ಟೆ ನೋಡಿದೆವೋ ಅಷ್ಟು ಕಾಳು ನಮ್ಮ ಹೊಟ್ಟೆಗೆ. ಮಕಾಬೆ ಡಾಕ್ಟರು ಪ್ರತಿ ತಿಂಗಳೂ ಎರಡು ಬಟ್ಟಲು ಕೇಳಿ ತಿನ್ನುವವರು.

"ಆ ಮಂಗಳವಾರದ್ದು. ಎಣಿಸಿ ಡಾಕ್ಟ್ರೇ."

ಅವರು ಬೆರಳಿನಲ್ಲಿ ಒಂದೊಂದೇ ಸರಿಸಿದರು. ಹನ್ನೆರಡು. ಹದಿಮೂರು. ಹದಿನಾಲ್ಕು.

ಒಂದು ಉಳಿಯಿತು.

"ಬುಧವಾರ ಬೆಳಗ್ಗೆ ಬಂದಾಗ ಮೂರನೇ ಕೊಳವೆ ತಲೆಕೆಳಗಾಗಿ ನೇತಾಡ್ತಿತ್ತು," ಅಂದೆ. "ನಾನು ಹಾಗೆ ತೂಗಿಸಲ್ಲ. ಒಳಗೆ ತೇವ ಇತ್ತು. ಸಾಲದ್ದಕ್ಕೆ ದಾದಿಯರ ಕೋಣೆಯ ಕನ್ನಡಿ ಪರೀಕ್ಷೆ ಹಾಸಿಗೆ ಪಕ್ಕ ಸ್ಟೂಲಿನ ಮೇಲೆ ಕೂತಿತ್ತು. ಈ ಹುಡುಗೀರ ಸಿಂಗಾರಕ್ಕೆ ಬೇರೆ ಜಾಗ ಇಲ್ವಾ ಅಂತ ಬೈಕೊಂಡು ತೆಗೆದಿಟ್ಟೆ. ಸಂಜೆ ಯಾರಿಗಾದ್ರೂ ಮೀನಿನ ಮುಳ್ಳು ಸಿಕ್ಕಿರಬೇಕು, ದೊಡ್ಡ ಡಾಕ್ಟ್ರು ತೆಗೆದಿರಬೇಕು ಅಂದ್ಕೊಂಡೆ. ಕೊಳವೆ ಮತ್ತೆ ತೊಳೆದೆ. ಹಿಂದಿನ ದಿನದ ಪೊಟ್ಟಣಕ್ಕೇ ಕಾಳು ಹಾಕಿದೆ."

"ಆಗಲೇ ಯಾಕೆ ಹೇಳ್ಲಿಲ್ಲ?"

"ಯಾರೂ ಕೇಳ್ಲಿಲ್ಲ ಡಾಕ್ಟ್ರೇ. ತೊಳೆಯೋರು ತೊಳೀಬೇಕು."

ತೊಗಾಶಿ ಕೆಮ್ಮಿದ ಹಾಗೆ ಮಾಡಿ ಗೋಡೆಗೆ ಮುಖ ತಿರುಗಿಸಿದ.

ಮಕಾಬೆ ಆ ಒಂಟಿ ಕಾಳನ್ನು ಎತ್ತಿ ಅಂಗೈಯಲ್ಲಿಟ್ಟುಕೊಂಡರು. ಅವರ ಬಗ್ಗೆ ಒಂದು ಮಾತು ಹೇಳಲೇಬೇಕು. ಸೋಲುವುದು ಅವರಿಗೆ ಇಷ್ಟವಿಲ್ಲ, ಆದರೆ ಸುಳ್ಳು ಅದಕ್ಕಿಂತಲೂ ಆಗದು.

"ಕಮಾತಾ ಏನಾದ್ರೂ ತಿಂದಿದ್ದಾರಾ?"

"ಬೆಳಗ್ಗೆಯಿಂದ ಹನಿ ನೀರೂ ಇಲ್ಲ."

"ಕೊಳವೆ ತಯಾರು ಮಾಡಿ."

"ಡಾಕ್ಟ್ರೇ," ಅಂದರು ನಗುಮೊ, "ನಾನು ಹಿಡಿದ್ರೆ ನಾಳೆ ನಂಬೋರಿಲ್ಲ. ನೀವೇ ಹಿಡೀರಿ."

*

"ಇನ್ನೊಂದ್ಸಲ ನುಂಗ್ಬೇಕಾ?" ಯೊಹೇ ಕಣ್ಣರಳಿಸಿದ. "ಅದಕ್ಕೆ ಸ್ವಲ್ಪ ಸೋಯಾ ಸಾಸಾದ್ರೂ ಸವರಿ ಕೊಡಿ ಫುಸಾಕ್ಕ. ಹಸಿದು ಸಾಯ್ತಿದ್ದೀನಿ."

"ಬಾಯಿ ಮುಚ್ಚಿ ಮಲ್ಕೋ. ಅಲ್ಲ, ಬಾಯಿ ತೆಗೆದು ಮಲ್ಕೋ."

ಒಲೆಯ ಮೇಲಿನ ಕೆಟಲು ಕುದಿಯುತ್ತಿತ್ತು. ಸುಮಿ ಕಾಯುವ ಕೋಣೆಯ ಬೆಂಚಿನ ತುದಿಯಲ್ಲಿ ಕೂತಿದ್ದಳು. ಅವಳಿಗೆ ನಾವು ಏನೂ ಹೇಳಲಿಲ್ಲ. ಕಿತ್ತುಕೊಳ್ಳಬೇಕಾಗಿ ಬರಬಹುದಾದ ಆಸೆಯನ್ನು ಕೊಡಬಾರದು.

ನೊರೆ ಇಳಿಸುವ ಬಿಳಿನೀರು ಕುಡಿಸಿದೆ. ಗಂಟಲು ಮರಗಟ್ಟುವ ಅಂಟು ಔಷಧಿ ಹಾಕಿ, ನುಂಗದೆ ಹಿಡಿದುಕೋ ಎಂದು ಮೂರು ನಿಮಿಷ ಗಡಿಯಾರ ನೋಡಿದೆ. ಹೊಟ್ಟೆ ಅಲುಗದಿರಲು ನಗುಮೊ ತೋಳಿಗೆ ಸೂಜಿ ಕೊಟ್ಟರು. ಎಡಮಗ್ಗುಲಿಗೆ ಮಲಗಿಸಿ, ಹಲ್ಲಿನ ನಡುವೆ ಬಾಯಿಕಟ್ಟು ಇಟ್ಟೆ. ಇದೆಲ್ಲ ದಿನಕ್ಕೆ ಹದಿನಾಲ್ಕು ಸಲ ಮಾಡುವ ಕೆಲಸ. ಆ ದಿನ ಮಾತ್ರ ಪ್ರತಿಯೊಂದನ್ನೂ ಎರಡೆರಡು ಸಲ ನೋಡಿಕೊಂಡೆ.

"ನುಂಗಿ," ಅಂದರು ಮಕಾಬೆ.

ಕೊಳವೆ ಇಳಿಯಿತು. ಯೊಹೇ ಒಮ್ಮೆ ಓಕರಿಸಿದ, ಕಣ್ಣಿನಲ್ಲಿ ನೀರು ಬಂತು. ನಾನು ಅವನ ಬೆನ್ನಿನ ಮೇಲೆ ಕೈಯಿಟ್ಟೆ. ಸೋಯಾ ಕಾಳು ಅರೆದು ಅರೆದು ಅವನ ಬೆನ್ನು ಹಲಗೆಯ ಹಾಗಿದೆ.

"ಭುಜ ಬಿಡಿ. ತೇಗಬೇಡಿ. ತಡ್ಕೊಳ್ಳಿ."

ಒಳಗಿನದು ನನಗೆ ಕಾಣದು. ಪಕ್ಕಕ್ಕೆ ಸಿಕ್ಕಿಸಿದ ಇನ್ನೊಂದು ಕಣ್ಣುಕೊಳವೆಯಿಂದ ನಗುಮೊ ನೋಡುತ್ತಿದ್ದರು. ನಾನು ಮಕಾಬೆಯವರ ಹೆಬ್ಬೆರಳನ್ನೇ ನೋಡುತ್ತಿದ್ದೆ. ಅದು ಸಣ್ಣಕರುಳಿನ ತನಕ ಸುಮ್ಮನೆ ಹೋಯಿತು. ಆಮೇಲೆ ಕ್ಲಿಕ್. ಕ್ಲಿಕ್.

"ಕುಳಿ ಇದ್ದದ್ದು ಹೊಟ್ಟೆ ಒಳಕ್ಕೆ ಬಾಗೋ ಜಾಗದಲ್ಲಿ," ಅಂದರು ಮಕಾಬೆ, ತಮಗೆ ತಾವೇ. "ಇಲ್ಲೇ ಇರಬೇಕು. ಇಲ್ಲಿ... ನೀಲಿ ಬಿಡಿ."

ನಗುಮೊ ನೀಲಿ ಬಣ್ಣದ ನೀರನ್ನು ಕೊಳವೆಯಲ್ಲಿ ತಳ್ಳಿದರು. ಚರ್ಮದಲ್ಲಿ ಎಲ್ಲಾದರೂ ತಗ್ಗಿದ್ದರೆ, ಮಡಿಕೆ ಮುರಿದಿದ್ದರೆ ಆ ನೀಲಿ ಅಲ್ಲಿ ನಿಲ್ಲುತ್ತದೆ. ಕಳ್ಳನ ಹೆಜ್ಜೆಯ ಮೇಲೆ ಬೂದಿ ಚೆಲ್ಲಿದ ಹಾಗೆ.

ಕೆಟಲಿನ ಸದ್ದು ಮಾತ್ರ.

"ನಿಲ್ತಾ ಇಲ್ಲ," ಅಂದರು ಮಕಾಬೆ.

ಕೊಳವೆ ತಿರುಗಿಸಿದರು, ಇನ್ನೊಂದು ಕಡೆಯಿಂದ ಬಂದರು, ಮತ್ತೆ ನೀಲಿ ಕೇಳಿದರು. ಅದೂ ಹರಿದು ಹೋಯಿತು.

"ನಗುಮೊ ಅವರೇ, ಆ ಮಂಗಳವಾರ ನೀವು ಎಲ್ಲಿಂದ ಚಿವುಟಿದ್ರಿ?"

"ಹಿಂಬದಿ ಗೋಡೆ. ಕೆಳಗೆ, ಕೆಂಪಗಿದ್ದ ಜಾಗ. ಒಂದೇ ಚೂರು. ಬರೆದಿದ್ದೀನಿ."

ಹೆಬ್ಬೆರಳು ಒಂದಿಷ್ಟು ಬಾಗಿತು. ನಿಂತಿತು.

"ಇದೆ. ನಿಮ್ಮ ಗುರುತು. ಎಳ್ಳಿನಷ್ಟು, ಮಾಯ್ತಾ ಇದೆ." ಮಕಾಬೆ ಕಣ್ಣು ತೆಗೆದರು. ಆ ಕಣ್ಣಿನ ಸುತ್ತ ಕೊಳವೆಯ ಉಂಗುರ ಒತ್ತಿ ಕೆಂಪಾಗಿತ್ತು. "ಕುಳಿ ಇಲ್ಲ. ಇಲ್ಲಿ ಕುಳಿ ಯಾವತ್ತೂ ಇರಲಿಲ್ಲ. ಈ ಹೊಟ್ಟೆ ಇನ್ನೂ ಮೂವತ್ತು ವರ್ಷ ತೋಫು ತಿನ್ನುತ್ತೆ."

ಕೊಳವೆ ಹೊರಗೆ ಬಂತು. ಮಕಾಬೆ ಎದ್ದುನಿಂತು, ಕೈಕಾಲು ಜೋಡಿಸಿ, ನಗುಮೊ ಅವರ ಮುಂದೆ ಸೊಂಟ ಮುರಿಯುವಷ್ಟು ಬಗ್ಗಿದರು. ಆಮೇಲೆ ನನ್ನ ಕಡೆ ತಿರುಗಿ ಇನ್ನೂ ಸ್ವಲ್ಪ ಬಗ್ಗಿದರು. ನಾನು ಸುಮ್ಮನೆ ನಿಂತೆ. ಅದನ್ನು ತಡೆಯಬಾರದು ಎಂದು ಗೊತ್ತಿತ್ತು.

ನಗುಮೊ ಜೇಬಿನ ಪತ್ರ ತೆಗೆದು ನಾಲ್ಕು ಚೂರು ಮಾಡಿ ನನ್ನ ಕೈಗೆ ಕೊಟ್ಟರು. ಕೆಟಲಿನ ಕೆಳಗಿನ ಒಲೆಗೆ ಹಾಕಿದೆ.

ಮಕಾಬೆ ಆಗಲೇ ಫೋನಿನಲ್ಲಿದ್ದರು. "ಹೌದು, ಸೋಮವಾರದ್ದು ಬೇಡ. ತಪ್ಪು ನಮ್ಮದೇ. ರೋಗಿಗೆ ಏನೂ ಇಲ್ಲ. ಏನೂ ಇಲ್ಲ ಅಂದೆ, ಬರ್ಕೊಳ್ಳಿ!"

*

ಸುಮಿಯನ್ನು ಒಳಗೆ ಕರೆದರು. ನಗುಮೊ ಮೂರು ಮಾತಿನಲ್ಲಿ ಹೇಳಿದರು. ಅವಳು ಕೇಳಿದಳು, ತಲೆಯಾಡಿಸಿದಳು, ತಟಕ್ಕನೆ ನೆಲದಲ್ಲಿ ಕೂತುಬಿಟ್ಟಳು. ಆ ಹೊಲಿದ ನಗು ಬಿಚ್ಚಿಕೊಂಡಿತು. ಅವಳು ಅತ್ತ ಸದ್ದಿಗೆ ಔಷಧಿ ಕೊಡುವ ಹುಡುಗಿಯೂ ಓಡಿಬಂದಳು.

"ಏಯ್, ಏಳೇ," ಅಂದ ಯೊಹೇ. ಗಂಟಲು ಮರಗಟ್ಟಿ ಮಾತು ಗೊಗ್ಗರಾಗಿತ್ತು. "ಕ್ಯಾನ್ಸರ್ ಇಲ್ಲ ಅಂದ್ರೆ ಯಾರಾದ್ರೂ ಅಳ್ತಾರಾ?"

ಎಲ್ಲರೂ ಅವನ ಕಡೆ ತಿರುಗಿದೆವು. ಆ ಮಾತನ್ನು ಅವನ ಮುಂದೆ ಯಾರೂ ಆಡಿರಲಿಲ್ಲ.

"ನಿಮಗೆ... ಗೊತ್ತಿತ್ತಾ?" ಸುಮಿಯ ಅಳು ಅಲ್ಲೇ ನಿಂತಿತು.

"ಬುಧವಾರ ನೀನು ನನಗೆ ಹಬ್ಬದ ದುಬಾರಿ ತಾಯ್ ಮೀನು ಸುಟ್ಟು ಹಾಕಿದೆ. ತಲೆ ಸಮೇತ. ಮದುವೆ ದಿನ ಬಿಟ್ರೆ ನಮ್ಮನೇಗೆ ಆ ಮೀನು ಬಂದಿದ್ದು ಯಾವಾಗ? ಹುಣ್ಣಿಗೆ ಯಾರಾದ್ರೂ ತಾಯ್ ಮೀನು ತರ್ತಾರೇನೇ? ಅವತ್ತೇ ಗೊತ್ತಾಯ್ತು." ಅವನು ಮೂಗು ಒರೆಸಿಕೊಂಡ. "ನೀನು ಅಷ್ಟು ಕಷ್ಟಪಟ್ಟು ನಗ್ತಿದ್ದೆ. ಗೊತ್ತು ಅಂದ್ರೆ ನಿನ್ನ ನಗು ದಂಡ ಆಗುತ್ತಲ್ಲ ಅಂತ ಸುಮ್ನಿದ್ದೆ."

ಸುಮಿ ಎದ್ದು ಅವನ ಹಲಗೆಬೆನ್ನಿಗೆ ದಬದಬನೆ ಗುದ್ದಿದಳು. "ಮೀನು ಪೂರ್ತಿ ತಿಂದ್ರಲ್ಲ! ಕಣ್ಣೂ ಬಿಡ್ಲಿಲ್ಲ!"

"ಮತ್ತೆ! ಕೊನೇ ಮೀನು ಅಂದ್ಕೊಂಡಿದ್ದೆ!"

ಎಷ್ಟೋ ವರ್ಷವಾಗಿತ್ತು ಆ ಕೋಣೆಯಲ್ಲಿ ಅಂಥ ನಗು ಕೇಳಿ. ಮಕಾಬೆ ಡಾಕ್ಟರೇ ಬಟ್ಟಲು ಹುಡುಕಿ ತಂದರು. ತೋಫುವಿನ ಮೇಲೆ ಶುಂಠಿ ತುರಿ, ಸೋಯಾ ಸಾಸು. ನಿಂತುಕೊಂಡೇ ತಿಂದೆವು. ಯೊಹೇಗೆ ಮಾತ್ರ ಗಂಟಲು ಬಿಡುವ ತನಕ ಒಂದು ಗಂಟೆ ತಿನ್ನುವಂತಿಲ್ಲ. ತನ್ನ ತೋಫು ಎಲ್ಲರ ಬಾಯಿಗೆ ಹೋಗುವುದನ್ನು ನೋಡುತ್ತ, "ಅನ್ಯಾಯ, ಅನ್ಯಾಯ" ಎಂದು ಕೂಗುತ್ತಿದ್ದ. ಆಮೇಲೆ ಗಂಡ ಹೆಂಡತಿ ತೋಫು ತಂದಿದ್ದ ಖಾಲಿ ತೊಟ್ಟಿಯನ್ನು ನಡುವೆ ಹಿಡಿದುಕೊಂಡು ಬಂದರಿನ ಕಡೆ ಇಳಿದು ಹೋದರು. ಬೀದಿಯ ಕೊನೆಯ ತನಕ ಅವನ ದನಿ ಕೇಳುತ್ತಿತ್ತು.

ನಾನು ಕೊಳವೆ ತೊಳೆದು ಆ ದಿನದ ಕಾಳು ಹಾಕಿದೆ.

ನಗುಮೊ ಇನ್ನೂ ಬೆಳಕಿನ ಪೆಟ್ಟಿಗೆಯ ಮುಂದೆ ನಿಂತಿದ್ದರು. ಎಂಟನೆಯ ಫಿಲ್ಮು ಒಂದೇ ಅಲ್ಲಿತ್ತು.

"ಈ ಕುಳಿ ಸುಳ್ಳಲ್ಲ ಫುಸಾಕ್ಕ. ಇದು ಇನ್ನೊಬ್ಬರ ಹೊಟ್ಟೆಯಲ್ಲಿದೆ. ಇನ್ನೂ ಕಾಲ ಮೀರಿಲ್ಲ, ಈ ತಿಂಗಳೇ ತೆಗೆದ್ರೆ ಉಳೀತಾರೆ. ಆದ್ರೆ ಅವರು ಯಾರು? ದೊಡ್ಡ ಡಾಕ್ಟ್ರು ಯಾರನ್ನ ಸಂಜೆ ಕದ್ದು ಕರೆಸಿ ನೋಡಿದ್ರು? ಯೊಹೇ ತಟ್ಟೆಯಲ್ಲಿ ಯಾಕಿಟ್ರು?"

"ಕೇಳಿಬಿಡಿ ಅವರನ್ನೇ."

ಬುಗ್ಗೆಯ ಊರಿನ ಛತ್ರದ ನಂಬರು ತಿಳಿಯಲು ಅವರು ಒಬಾತಾ ಮನೆಗೆ ಫೋನ್ ಮಾಡಿದರು. ಎತ್ತಿದವರು ಅವರ ಹೆಂಡತಿ. ಆ ವಯಸ್ಸಿನವರು ಫೋನಿನಲ್ಲಿ ಕೂಗಿ ಮಾತಾಡುತ್ತಾರೆ, ನನಗೂ ಕೇಳಿಸಿತು.

"ಬೆನ್ನುನೋವಾ? ಯಾರಿಗಮ್ಮಾ? ಅವರು ಟೋಕಿಯೊದಲ್ಲಿ ಡಾಕ್ಟರುಗಳ ಸಭೆ ಅಂತ ಹೋಗಿದ್ದಾರಲ್ಲ. ಹೋಗುವಾಗ ಬೆನ್ನು ನೆಟ್ಟಗಿತ್ತು. ಊಟ ಮಾತ್ರ ಸರಿಯಾಗಿ ಮಾಡ್ತಿರಲಿಲ್ಲ, ಬೇಸಿಗೆಯಿಂದಾನೇ."

ನಗುಮೊ ನಿಧಾನವಾಗಿ ಫೋನ್ ಇಟ್ಟರು. "ನಮಗೊಂದು ಹೇಳಿದ್ದಾರೆ, ಮನೆಯವರಿಗೊಂದು ಹೇಳಿದ್ದಾರೆ."

ನನ್ನ ಕಣ್ಣು ದಾದಿಯರ ಕೋಣೆಯ ಬಾಗಿಲಿನ ಮೇಲಿತ್ತು. ಒಳಗೆ ಮೊಳೆಗೆ ನೇತುಹಾಕಿದ ಆ ಕನ್ನಡಿ ಕಾಣುತ್ತಿತ್ತು.

ಷೋವಾ ನಲವತ್ತು. ಮರದ ಪೆಟ್ಟಿಗೆಯ ಹುಲ್ಲು ಇನ್ನೂ ನೆಲದಲ್ಲಿ ಚೆಲ್ಲಿತ್ತು. ಡಾಕ್ಟರು ಹಾಸಿಗೆಯ ಅಂಚಿನಲ್ಲಿ ಕೂತು, ಕರಿಯ ಕೊಳವೆಯನ್ನು ತಮ್ಮದೇ ಬಾಯಿಗೆ ಇಟ್ಟುಕೊಳ್ಳುತ್ತ ನನಗೆ ಹೇಳಿದ್ದರು. "ಫುಸಾ, ಆ ಕನ್ನಡಿ ಇಲ್ಲಿ ಹಿಡಿ. ಎಷ್ಟು ಇಳೀತು ಅಂತ ನಾನೇ ನೋಡ್ಕೋಬೇಕು." ಆವತ್ತು ಕನ್ನಡಿ ಹಿಡಿದವಳು ನಾನು. ಈ ಸಲ ಸ್ಟೂಲು ಹಿಡಿದಿತ್ತು.

"ಡಾಕ್ಟ್ರಮ್ಮ," ಅಂದೆ, "ಆ ಮಂಗಳವಾರ ಸಂಜೆ ಹೊರಗಿನಿಂದ ಯಾರೂ ಬಂದಿರಲಿಲ್ಲ. ತಮ್ಮ ಹೆಸರಲ್ಲಿ ಇಟ್ಟಿದ್ರೆ ನಾವು ದೊಡ್ಡ ಡಾಕ್ಟ್ರಿಗೂ ಹುಣ್ಣು ಅಂತಲೇ ಹೇಳ್ತಿದ್ವಿ. ಕೊಳವೆ ಹಿಡಿದ ಕೈ, ನುಂಗಿದ ಬಾಯಿ, ಎರಡೂ ಒಬ್ಬರದ್ದೇ."